ಬೇರೆಯವರ ಮಕ್ಕಳು ತುಂಬಿದ್ದ ಮನೆ

ಬೆಳಿಗ್ಗೆ ಎಂಟು ಗಂಟೆಯಿಂದ ಸಂಜೆ ಕೊನೆಯ ಮಗು ಹೊರಡುವವರೆಗೆ ನಾವು ಅಮ್ಮನನ್ನು ಅಮ್ಮ ಎಂದು ಕರೆಯುವಂತಿರಲಿಲ್ಲ. ಆಂಟಿ ಎನ್ನಬೇಕಿತ್ತು. ನನ್ನ ಬಾಯಿಂದಲೋ ತಮ್ಮ ಹರಿಯ ಬಾಯಿಂದಲೋ ‘ಅಮ್ಮಾ’ ಎಂಬ ಕೂಗು ಬಿದ್ದರೆ ಸಾಕು, ಹಾಲ್‌ನಲ್ಲಿ ಆಡುತ್ತಿದ್ದ ಮಕ್ಕಳಲ್ಲಿ ಯಾವುದೋ ಒಂದಕ್ಕೆ ತನ್ನ ಅಮ್ಮ ನೆನಪಾಗಿ ತುಟಿ ಸೊಟ್ಟಗಾಗುತ್ತಿತ್ತು. ಅದನ್ನು ನೋಡಿ ಇನ್ನೊಂದು ಅಳುತ್ತಿತ್ತು, ಆಮೇಲೆ ಸೀರೆಯ ತೊಟ್ಟಿಲಲ್ಲಿದ್ದ ಕೂಸು ಎಚ್ಚರಾಗುತ್ತಿತ್ತು. ಒಮ್ಮೆ ಶುರುವಾದ ಅಳು ನಿಲ್ಲಿಸಲು ಅಮ್ಮನಿಗೆ ಅರ್ಧ ಬೆಳಗೇ ಹಿಡಿಯುತ್ತಿತ್ತು. ಹಾಗಾಗಿ ಈ ನಿಯಮ. ನಾನು ದೊಡ್ಡವಳು, ಶಾಲೆಗೆ ಹೋಗುತ್ತಿದ್ದೆ, ನನಗೆ ಅದೊಂದು ಆಟದಂತಿತ್ತು. ಹರಿಗೆ ಆಗ ನಾಲ್ಕು ತುಂಬಿತ್ತಷ್ಟೆ. ದಿನವಿಡೀ ಆ ಮಕ್ಕಳ ಸಾಲಿನಲ್ಲೇ ಕೂತು, ಅದೇ ಸ್ಟೀಲ್ ತಟ್ಟೆಯಲ್ಲಿ ಉಂಡು, ಅದೇ ಚಾಪೆಯ ಮೇಲೆ ಮಲಗುತ್ತಿದ್ದ. ತಾನು ಆ ಮನೆಯ ಮಗನೋ, ಯಾರೋ ಬಿಟ್ಟು ಹೋದ ಮಗುವೋ ಎಂಬುದು ಅವನಿಗೆ ಎಷ್ಟು ಗೊತ್ತಿತ್ತೆಂದು ನಾನು ಹೇಳಲಾರೆ.

ಹಲಸೂರಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಯೊಂದರಲ್ಲಿ, ಒಂದೇ ಕಾಂಪೌಂಡಿನೊಳಗೆ ಸಾಲಾಗಿ ಮೂರು ಮನೆಗಳಿದ್ದವು. ನಮ್ಮದು ಮೊದಲನೆಯದು, ರಸ್ತೆಗೆ ಹತ್ತಿರದ್ದು. ಬಾಗಿಲ ಮುಂದೆ ಎರಡು ಮೆಟ್ಟಿಲು, ಅದರ ಪಕ್ಕ ಸಂಪು. ಅದರ ಕಬ್ಬಿಣದ ಮುಚ್ಚಳದ ಮೇಲೆ ಅಮ್ಮ ಸದಾ ಬಟ್ಟೆ ಒಗೆಯುವ ಕಲ್ಲು ಹೇರಿಡುತ್ತಿದ್ದಳು. ಒಳಗೆ ಕೆಂಪು ನೆಲದ ಹಾಲ್, ಒಂದು ರೂಮು, ಅಡುಗೆಮನೆ, ಅದರಾಚೆ ಒರಳುಕಲ್ಲು ಮತ್ತು ಹಂಡೆಯಿದ್ದ ಓಣಿಯಂಥ ಜಾಗ. ಮಧ್ಯದ ಮನೆಯಲ್ಲಿ ನೂರ್ ಖಾಲಾ ಇದ್ದರು, ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲದ ಹೆಂಗಸು. ಕೊನೆಯ ಮನೆಯಲ್ಲಿ ಬೆಳಿಗ್ಗೆ ಹೋಗಿ ರಾತ್ರಿ ಬರುವ ಬ್ಯಾಚುಲರ್ ಒಬ್ಬ. ಅಪ್ಪ ಕೃಷ್ಣರಾಜಪುರದ ಕಡೆಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಹಿರಿಯೂರು ಕಡೆಯವಳು. ಈ ಊರಿನಲ್ಲಿ ಅವಳಿಗೆ ತವರೆಂದು ಹೇಳಿಕೊಳ್ಳಲು ಒಂದು ಜೀವವೂ ಇರಲಿಲ್ಲ. ಮೇಷ್ಟರ ಕೆಲಸಕ್ಕೆಂದು ಓದಲು ಸೇರಿ, ಮದುವೆಯಾಗಿ, ಓದನ್ನು ಅರ್ಧಕ್ಕೆ ಬಿಟ್ಟು ಬಂದವಳು. ಹಿಂದಿನ ರಸ್ತೆಯ ಬ್ಯಾಂಕಿನ ಹೆಂಗಸೊಬ್ಬಳು ಒಂದು ದಿನ, ಅತ್ತೆ ಊರಿಗೆ ಹೋದರೆಂದು, ತನ್ನ ಕೂಸನ್ನು ತಂದು ಅಮ್ಮನ ಕೈಗಿತ್ತು ಓಡಿದಳು. ಅತ್ತೆ ಮರಳಿ ಬರಲೇ ಇಲ್ಲ, ಕೂಸು ನಮ್ಮಲ್ಲೇ ಉಳಿಯಿತು. ಅವಳು ಇನ್ನೊಬ್ಬಳಿಗೆ ಹೇಳಿದಳು, ಆ ಇನ್ನೊಬ್ಬಳು ಮತ್ತೊಬ್ಬಳಿಗೆ. ಬೋರ್ಡು ಹಾಕಲಿಲ್ಲ, ಹೆಸರಿಡಲಿಲ್ಲ. ಆದರೂ ಗಲ್ಲಿಯವರ ಬಾಯಲ್ಲಿ ಅಮ್ಮ ‘ಬೇಬಿ ಸಿಟ್ಟಿಂಗ್ ಆಂಟಿ’ ಆದಳು. ಕರೆದಾಗಲೆಲ್ಲ ಅವಳ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಕಾಣುತ್ತಿತ್ತು.

ಆ ಹೆಮ್ಮೆಯ ಜೊತೆಗೇ ಭಯವೂ ಬಂತು. ತನ್ನ ಮಕ್ಕಳು ಬಿದ್ದರೆ ಎತ್ತಿ ಧೂಳು ಕೊಡವಿ ಕಳಿಸುತ್ತಿದ್ದ ಅಮ್ಮ, ಬೇರೆಯವರ ಮಕ್ಕಳು ಎಡವಿದರೂ ಬಿಳಿಚಿಕೊಳ್ಳುತ್ತಿದ್ದಳು. ಹಾಲು ಕಾಯಿಸುವಾಗ ಅಡುಗೆಮನೆಗೆ ಅಡ್ಡಲಾಗಿ ಹಲಗೆ ಇಡುತ್ತಿದ್ದಳು. ಕಡಲೆಬೀಜ, ಗುಂಡಿ, ಪಿನ್ನು, ಬಟಾಣಿ, ಮೂಗಿಗೋ ಗಂಟಲಿಗೋ ಹೋಗಬಹುದಾದ ಯಾವುದೂ ನೆಲದ ಮೇಲೆ ಇರುವಂತಿರಲಿಲ್ಲ. ದಿನಕ್ಕೆ ಎಷ್ಟೋ ಸಲ ಮಂಡಿಯೂರಿ ನೆಲವನ್ನು ಅಂಗೈಯಲ್ಲಿ ಸವರುತ್ತಿದ್ದಳು. ಊಟವಾಗಿ ಮಕ್ಕಳೆಲ್ಲ ಮಲಗಿದ ಮೇಲೆ ಮನೆ ತಣ್ಣಗಾಗುತ್ತಿತ್ತಲ್ಲ, ಆ ಹೊತ್ತಿನಲ್ಲಿ ಅವಳು ಒಂದೊಂದೇ ಮಗುವಿನ ಬಳಿ ಬಗ್ಗಿ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದ ನಾನು ಬಾಗಿಲಲ್ಲಿ ನಿಂತು ಅದನ್ನು ನೋಡುತ್ತಿದ್ದೆ. ಮಕ್ಕಳು ಸುಮ್ಮನೆ ಮಲಗಿದ್ದಲ್ಲೇ ಸತ್ತುಹೋಗಬಹುದು ಎಂಬ ಸಂಗತಿ ನನಗೆ ತಿಳಿದದ್ದು ಹಾಗೆ. ಅವಳ ಬೆರಳಿನಿಂದ ಆ ಭಯ ನನ್ನ ಬೆರಳಿಗೂ ಬಂತು. ರಾತ್ರಿ ಹರಿಯ ಪಕ್ಕ ಮಲಗಿದಾಗ ನಾನೂ ಅವನ ಮೂಗಿನ ಕೆಳಗೆ ಕೈಯಿಡತೊಡಗಿದೆ.

ಒಂದು ಸಂಜೆ ಹರಿಗೆ ಜ್ವರ. ಮಕ್ಕಳೆಲ್ಲ ಹೋಗಿಯಾಗಿತ್ತು. ಅಪ್ಪ ಎರಡನೇ ಪಾಳಿ ಇಲ್ಲದ ವಾರ, ಹಾಲ್‌ನಲ್ಲಿ ಪೇಪರ್ ಓದುತ್ತಿದ್ದರು. ಚಾಪೆಯ ಮೇಲೆ ಮಲಗಿದ್ದ ಹರಿ ಕಣ್ಣು ಬಿಡದೆಯೇ ಹೇಳಿದ:

“ಆಂಟಿ, ನೀರು.”

ಅಪ್ಪ ಪೇಪರ್ ಕೆಳಗಿಟ್ಟರು.

“ಏನಂದ ಅವ್ನು?”

“ಜ್ವರ ಅಲ್ವಾ, ಬಾಯಿತಪ್ಪಿ ಅಂದಿದಾನೆ,” ಎಂದಳು ಅಮ್ಮ.

“ಬಾಯಿ ತಪ್ಪಿದ್ದಲ್ಲ ಕಣೇ, ಅಭ್ಯಾಸ ಆಗಿರೋದು. ಹೆತ್ತ ತಾಯೀನ ಆಂಟಿ ಅಂತಾನಲ್ಲೇ. ಇದೇನು ಮನೇನಾ, ಬಸ್‌ಸ್ಟ್ಯಾಂಡಾ? ಬಂದು ಕೂತ್ಕೊಳ್ಳೋಣ ಅಂದ್ರೆ ಒಂದ್ ಕಡೆ ಉಚ್ಚೆ ಬಟ್ಟೆ, ಒಂದ್ ಕಡೆ ಹಾಲಿನ ಬಾಟ್ಲು.”

ಅಮ್ಮ ಹರಿಗೆ ನೀರು ಕುಡಿಸಿ, ಬಾಯಿ ಒರೆಸಿ, ಆಮೇಲೆ ತಿರುಗಿದಳು.

“ನಾನು ದಿನವಿಡೀ ಮನೇಲೇ ಇದೀನಿ ಅಂತ ನಿಮಗನ್ಸತ್ತೆ. ನಾನು ಮನೇಲಿ ಇರಲ್ಲ ಕಣ್ರೀ, ಕೆಲಸದಲ್ಲಿರ್ತೀನಿ. ನೀವು ಕೃಷ್ಣರಾಜಪುರದಿಂದ ಬಸ್ ಹತ್ತಿ ಬರ್ತೀರ. ನಾನು ಇದೇ ಹಾಲ್‌ನಿಂದ ಇದೇ ಹಾಲ್‌ಗೆ ಬರ್ಬೇಕು. ನಂಗೆ ದಾರೀಲಿ ಉಸಿರು ತಗಳಕ್ಕೂ ಹೊತ್ತಿಲ್ಲ.”

ಅಪ್ಪ ಎದ್ದು ಹೊರಗೆ ಹೋಗಿ ಸಂಪಿನ ಕಟ್ಟೆಯ ಮೇಲೆ ಕೂತರು. ಮನೆಯಲ್ಲಿ ಜಗಳವಾದಾಗ ಅವರು ಹೋಗಿ ಕೂರುವ ಜಾಗ ಅದು. ಅವತ್ತು ಬಹಳ ಹೊತ್ತು ಒಳಗೆ ಬರಲಿಲ್ಲ. ಅಮ್ಮ ಹರಿಯನ್ನು ಮಡಿಲಲ್ಲಿ ಹಾಕಿಕೊಂಡು, ಅವನ ಕಿವಿಯ ಹತ್ತಿರ ಬಾಯಿಟ್ಟು, ನಿಧಾನವಾಗಿ ‘ಅಮ್ಮ ಅನ್ನು, ಅಮ್ಮ ಅನ್ನು’ ಎನ್ನುತ್ತಿದ್ದಳು. ಹರಿ ನಿದ್ದೆಹೋಗಿದ್ದ.

ಆ ವರ್ಷ ಶಾಲೆ ಶುರುವಾದ ಹೊಸದರಲ್ಲಿ ಕಲಾ ಎಂಬ ಹೆಂಗಸು ಬಂದಳು. ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವ ಕೆಲಸದವಳು. ಅವಳ ಎಡಗೈಯ ಎರಡು ಬೆರಳನ್ನು ಜೋಡಿಸಿ ಪ್ಲಾಸ್ಟರ್ ಸುತ್ತಿದ್ದರು. ಇನ್ನೊಂದು ಕೈಯಲ್ಲಿ ಪ್ರಿಯಾ. ನಾಲ್ಕರ ಹತ್ತಿರದ ಹುಡುಗಿ, ದುಂಡು ಕೆನ್ನೆ, ಒಳಗೆ ಬಂದ ಕೂಡಲೇ ತೊಟ್ಟಿಲಿನ ಕೂಸಿಗೆ ‘ನಿನ್ ಹೆಸರೇನು’ ಎಂದು ಕೇಳಿ ಉತ್ತರಕ್ಕಾಗಿ ಕಾಯುತ್ತ ನಿಂತಳು. ಅಮ್ಮ ನಕ್ಕಳು. ಕಲಾ ನಗಲಿಲ್ಲ. ಬಾಗಿಲ ಹತ್ತಿರ ನಿಂತೇ ಮಾತಾಡಿದಳು.

“ಅಕ್ಕಾ, ಇವಳನ್ನ ನಾನ್ ಬಿಟ್ಟು ಬೇರೆ ಯಾರ್ ಬಂದ್ರೂ ಕೊಡ್ಬೇಡಿ.”

“ಆಯ್ತಮ್ಮ. ನಿಮ್ಮ ಮನೆಯೋರು?”

“ಅವರಿಗೆ ಮಾತ್ರ ಕೊಡ್ಲೇಬೇಡಿ.”

ಅಮ್ಮನ ಕಣ್ಣು ಆ ಬೆರಳುಗಳ ಮೇಲೆ ಬಿತ್ತು. ಕಲಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, “ಬಾಗಿಲಿಗೆ ಸಿಕ್ಕಿಹಾಕ್ಕೊಂಡ್ತು,” ಎಂದಳು. ಅಮ್ಮ ಪ್ರಿಯಾಳ ಚೀಲ ತೆಗೆದುಕೊಂಡು ಮೊಳೆಗೆ ನೇತುಹಾಕಿದಳು. ಹಾಲ್‌ನ ಮೂಲೆಯಲ್ಲಿ ಹೋಮ್‌ವರ್ಕ್ ಮಾಡುತ್ತ ಕೂತಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡಿದ್ದೆ.

ಅಲ್ಲಿಂದ ನನ್ನ ಭಯಕ್ಕೆ ಒಬ್ಬ ಮನುಷ್ಯ ಸಿಕ್ಕ. ನೋಡಲು ಹೇಗಿದ್ದಾನೆ ಎಂದು ಅಮ್ಮನನ್ನು ಕೇಳಿದೆ. “ನಂಗೇನು ಗೊತ್ತು. ಯಾರೇ ಬಂದ್ರೂ ಬಾಗಿಲು ತೆಗೀಬ್ಯಾಡ, ಅಷ್ಟೇ,” ಎಂದಳು. ಮುಖ ಗೊತ್ತಿಲ್ಲದ ಮೇಲೆ ಗಲ್ಲಿಯಲ್ಲಿ ಕಂಡ ಗಂಡಸರೆಲ್ಲ ಅವನೇ ಆಗಿಬಿಟ್ಟರು. ಗ್ಯಾಸ್ ಸಿಲಿಂಡರ್ ತರುವವನು, ಹಳೇ ಪೇಪರ್‌ನವನು, ಬೇಕರಿಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಟೀ ಕುಡಿಯುವವನು. ನನ್ನ ತಲೆಯೊಳಗೆ ಅವನಿಗೆ ಕೆಂಪು ಕಣ್ಣು, ದಪ್ಪ ಮೀಸೆ, ಬಾಗಿಲಲ್ಲಿ ತುಂಬಿಕೊಳ್ಳುವಷ್ಟು ದೊಡ್ಡ ಮೈ. ಒಮ್ಮೆ ಕರೆಂಟ್ ಮೀಟರ್ ಓದುವವನು ಬಾಗಿಲು ಬಡಿದಾಗ ಅಮ್ಮ ಒಲೆ ಆರಿಸಿದಳು, ನಾನು ಪ್ರಿಯಾಳ ಬಾಯಿ ಮುಚ್ಚಿ ಹಿಡಿದೆ, ಮಕ್ಕಳೆಲ್ಲ ನಮ್ಮ ಮುಖ ನೋಡಿ ತಾವಾಗಿಯೇ ಸುಮ್ಮನಾದವು. ಅವನು ಹೊರಗಿನಿಂದಲೇ ಮೀಟರ್ ನೋಡಿ, ಗೊಣಗಿಕೊಂಡು ಹೋದ. ಅಮ್ಮನಿಗೆ ನಗು ಬಂತು, ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಅಪ್ಪನಿಗೆ ಈ ವಿಷಯ ಗೊತ್ತಾದಾಗ ಆ ಮಗುವನ್ನು ಬಿಟ್ಟುಬಿಡು ಎಂದರು.

“ಬೇರೆಯೋರ ಸಂಸಾರದ ಜಗಳ ಅದು. ನಾಳೆ ಅವ್ನು ಪೊಲೀಸ್ ಕರ್ಕೊಂಡ್ ಬಂದು ನನ್ನ ಮಗೂನ ಇಟ್ಕೊಂಡಿದಾರೆ ಅಂದ್ರೆ ಏನ್ ಹೇಳ್ತೀಯ? ನಾನು ಫ್ಯಾಕ್ಟ್ರೀಲಿರ್ತೀನಿ. ಈ ಮನೇಲಿ ನಮ್ಮ ಮಕ್ಕಳೂ ಇದಾವೆ, ನೆನಪಿದೆಯಾ?”

“ನೆನಪಿದೆ. ಅವಳ ಬೆರಳೂ ನೆನಪಿದೆ,” ಎಂದಳು ಅಮ್ಮ. “ಬಿಟ್ರೆ ಆ ಹುಡುಗಿ ಎಲ್ಲಿಗೆ ಹೋಗ್ಬೇಕು ಹೇಳ್ರಿ?”

ಪ್ರಿಯಾ ಉಳಿದಳು.

ಅದೊಂದು ಶನಿವಾರ. ನಾನು ಶಾಲೆಯಿಂದ ಬಂದು ಊಟ ಮಾಡಿದ್ದೆ. ಚಾಪೆಯ ಮೇಲೆ ಮಕ್ಕಳು ಮಲಗಿದ್ದರು, ಕೂಸು ತೊಟ್ಟಿಲಲ್ಲಿತ್ತು. ಅಮ್ಮ ರೂಮಿನಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ನಿದ್ದೆ ಬಾರದ ಹರಿ ಯಾವಾಗ ಎದ್ದು ಹಿಂದಕ್ಕೆ ಹೋದನೋ, ಗೋಡೆಯ ಹಲಗೆಯ ಮೇಲಿದ್ದ ಬೆಲ್ಲದ ಡಬ್ಬಿಗಾಗಿ ಒರಳುಕಲ್ಲು ಹತ್ತಿದನೋ ಯಾರಿಗೂ ಗೊತ್ತಾಗಲಿಲ್ಲ. ಬಿದ್ದ ಸದ್ದು ಕೇಳಿತು. ಅಳು ಕೇಳಲಿಲ್ಲ. ಅಮ್ಮ ಓಡಿದಳು. ನಾನು ಹೋಗುವಷ್ಟರಲ್ಲಿ ಅವಳು ಅವನನ್ನು ಎತ್ತಿಕೊಂಡಿದ್ದಳು. ಹುಬ್ಬಿನ ಮೇಲೆ ಬಾಯಿ ತೆರೆದಂಥ ಗಾಯ, ಅದರಿಂದ ರಕ್ತ ಇಳಿದು ಅವನ ಕಣ್ಣು ಕಾಣುತ್ತಿರಲಿಲ್ಲ. ಆಮೇಲೆ ಅವನು ಉಸಿರೆಳೆದು ಕಿರುಚಿದ. ಅಮ್ಮ ಒತ್ತಿ ಹಿಡಿದ ಟವೆಲು ನೋಡನೋಡುತ್ತಲೇ ಕೆಂಪಾಯಿತು.

“ಖಾಲಾನ ಕರಿ, ಓಡು!”

ಖಾಲಾ ಮನೆಗೆ ಬೀಗ. ಶಿವಾಜಿನಗರದಲ್ಲಿ ಅವರ ಸಂಬಂಧಿಕರ ಶಾದಿ, ಬೆಳಿಗ್ಗೆಯೇ ಹೋಗಿದ್ದರು. ಎದುರಿನ ಮನೆಗಳ ಬಾಗಿಲು ಬಡಿದೆ, ಯಾರೂ ಇರಲಿಲ್ಲ. ತಿರುಗಿ ಬಂದಾಗ ಅಮ್ಮ ಹೊಸ್ತಿಲ ಮೇಲೆ ನಿಂತಿದ್ದಳು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಹೆಗಲ ಮೇಲೆ ಹರಿ. ಅವಳು ಒಮ್ಮೆ ಮಲಗಿದ ಮಕ್ಕಳನ್ನು ನೋಡುತ್ತಿದ್ದಳು, ಒಮ್ಮೆ ರಸ್ತೆಯನ್ನು. ಅಮ್ಮನಿಗೆ ಹೆದರಿಕೆಯಾಗುವುದನ್ನು ನಾನು ದಿನವೂ ಕಂಡಿದ್ದೆ. ಏನು ಮಾಡಬೇಕೆಂದು ಅವಳಿಗೆ ತೋಚದೆ ಹೋದದ್ದನ್ನು ಕಂಡದ್ದು ಅವತ್ತೇ ಮೊದಲು. ಹರಿ ತೊದಲತೊಡಗಿದ, ಅವನ ತಲೆ ಅವಳ ಭುಜದ ಮೇಲೆ ವಾಲಿತು. ಆಗ ಅವಳು ಎರಡನೇ ಕಾಲನ್ನೂ ಹೊರಗಿಟ್ಟಳು.

“ಸುಮಿ, ಕೇಳು. ಮೇಲಿನ ಚಿಲಕ, ಕೆಳಗಿನ ಚಿಲಕ ಎರಡೂ ಹಾಕು. ನಾನು ಬರೋವರ್ಗೂ ಯಾರಿಗೂ ತೆಗೀಬ್ಯಾಡ. ದೇವ್ರು ಬಂದ್ರೂ ತೆಗೀಬ್ಯಾಡ. ಕೂಸು ಎದ್ರೆ ತೂಗು. ಅಳಬ್ಯಾಡ ನೀನು, ಆಯ್ತಾ? ನೀನು ಅತ್ರೆ ಅವೆಲ್ಲ ಅಳ್ತವೆ.”

ಚಪ್ಪಲಿ ಇಲ್ಲದ ಕಾಲಲ್ಲಿ ಓಡಿದಳು. ಗಲ್ಲಿಯ ತುದಿಯಲ್ಲಿ ಆಟೋ ನಿಂತ ಸದ್ದು, ಹೊರಟ ಸದ್ದು ಕೇಳಿತು.

ಮೇಲಿನ ಚಿಲಕ ನನಗೆ ಎಟುಕುತ್ತಿರಲಿಲ್ಲ. ಸ್ಟೂಲ್ ಎಳೆದು ಹತ್ತಿ ಹಾಕಿದೆ. ಕೆಳಗಿನದನ್ನೂ ಹಾಕಿ, ಮಕ್ಕಳ ಮಧ್ಯೆ ಬಂದು ಕೂತು, ಒಂದೊಂದರ ಮೂಗಿಗೂ ಬೆರಳಿಟ್ಟು ನೋಡಿದೆ. ಎಲ್ಲವೂ ಉಸಿರಾಡುತ್ತಿದ್ದವು. ನೆಲದ ಮೇಲೆ ಅಡುಗೆಮನೆಯಿಂದ ಬಾಗಿಲವರೆಗೆ ಹರಿಯ ರಕ್ತದ ಹನಿಗಳಿದ್ದವು. ಮಕ್ಕಳು ಎದ್ದು ನೋಡಿದರೆ ಹೆದರುತ್ತಾರೆಂದು ಒದ್ದೆಬಟ್ಟೆ ತಂದು ಒರೆಸತೊಡಗಿದೆ. ಆಗ ಬಾಗಿಲು ಬಡಿದ ಸದ್ದಾಯಿತು. ಜೋರಾಗಿ ಅಲ್ಲ. ಬೆರಳ ಗೆಣ್ಣಿನಲ್ಲಿ, ಎರಡೇ ಸಲ.

“ಯಾರಮ್ಮಾ ಇದೀರಾ ಒಳಗೆ?”

ನಾನು ಬಟ್ಟೆ ಹಿಡಿದು ಹಾಗೇ ಕೂತೆ.

“ಪ್ರಿಯಾ ಇದಾಳಾ?”

ಸೆಖೆಯೆಂದು ಕಿಟಕಿ ತೆರೆದಿಟ್ಟಿದ್ದೆವು. ಹಳೇ ಸೀರೆಯ ಪರದೆಯೊಂದೇ ಅಡ್ಡ. ಅದನ್ನು ಒಂದು ಬೆರಳು ಸರಿಸಿತು. ಕಂಬಿಗಳ ಆಚೆ ಒಂದು ಮುಖ ಕಾಣಿಸಿತು. ಕೆಂಪು ಕಣ್ಣಿಲ್ಲ, ಮೀಸೆ ಇಲ್ಲ. ನೀಟಾಗಿ ಬಾಚಿದ ಕೂದಲು, ಜೇಬಿನಲ್ಲಿ ಪೆನ್ನು, ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟರ ಹಾಗೆ ಸಣಕಲು ಮನುಷ್ಯ. ತಿಂಗಳುಗಟ್ಟಲೆ ನಾನು ಕಾದಿದ್ದು ಬೇರೆ ಯಾರಿಗೋ. ಇವನನ್ನು ನೋಡಿ ಹೇಗೆ ಹೆದರಬೇಕೆಂದು ಒಂದು ಕ್ಷಣ ತಿಳಿಯಲಿಲ್ಲ.

“ಅಮ್ಮ ಇಲ್ವಾ ಪುಟ್ಟಿ?”

“ಇದಾರೆ. ಸ್ನಾನ ಮಾಡ್ತಿದಾರೆ.”

“ಇಲ್ಲಮ್ಮ, ಆಟೋದಲ್ಲಿ ಹೋದ್ರಲ್ಲ. ನೋಡ್ದೆ ನಾನು,” ಎಂದ, ಬೈಯದೆ, ನಗದೆ.

ಹಾಗಾದರೆ ಅವನು ಅಲ್ಲೇ ಎಲ್ಲೋ ನಿಂತು ನೋಡುತ್ತಿದ್ದ. ಇವತ್ತೊಂದೇ ದಿನವೋ, ಎಷ್ಟು ದಿನದಿಂದಲೋ. ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು:

“ಅಪ್ಪಾ!”

ಪ್ರಿಯಾ ಎದ್ದುಬಿಟ್ಟಿದ್ದಳು. ಮಲಗಿದ ಮಕ್ಕಳನ್ನು ದಾಟಿ, ಒಂದರ ಕಾಲು ತುಳಿದು, ಕಿಟಕಿಯ ಕೆಳಗಿದ್ದ ಆಟಿಕೆಯ ಪೆಟ್ಟಿಗೆ ಹತ್ತಿ ನಿಂತಳು. ಅವಳ ಮುಖ ಅರಳಿತ್ತು. ಅವನು ಬಂದರೆ ಅವಳು ಹೆದರಿ ನನ್ನ ಹಿಂದೆ ಅಡಗುತ್ತಾಳೆ, ನಾನು ಅವಳನ್ನು ಕಾಪಾಡುತ್ತೇನೆ, ಇದೇ ನಾನು ಅಂದುಕೊಂಡಿದ್ದು. ಅವಳು ಕಂಬಿಯೊಳಗಿಂದ ಕೈ ಚಾಚಿದಳು.

“ಬಂಗಾರಿ, ಎದ್ಬಿಟ್ಯಾ? ನೋಡು, ಬನ್ ತಂದಿದೀನಿ ನಿಂಗೆ.”

ಬನ್ನಿನ ಪೊಟ್ಟಣವನ್ನು ಕಿಟಕಿಯ ಅಂಚಿನಲ್ಲಿಟ್ಟು ಅವಳ ಕೈ ಹಿಡಿದುಕೊಂಡ. ಅಂಗೈಗೆ ಮುತ್ತು ಕೊಟ್ಟ. ಊಟ ಆಯ್ತಾ, ಯಾರ ಜೊತೆ ಆಡ್ತೀಯ ಎಂದೆಲ್ಲ ಕೇಳಿದ. ಅವಳು ನನ್ನನ್ನು ತೋರಿಸಿ ‘ಸುಮಕ್ಕ ಕಥೆ ಹೇಳ್ತಾಳೆ’ ಎಂದಳು. ಅವನು ನನ್ನ ಕಡೆ ನೋಡಿ ತಲೆಯಾಡಿಸಿದ.

“ಅಪ್ಪನ ಜೊತೆ ಬರ್ತೀಯಾ?”

“ಹ್ಞೂಂ. ಚಪ್ಪಲಿ ಹಾಕ್ಕೊಂಡ್ ಬರ್ತೀನಿ.”

ಅವಳು ಪೆಟ್ಟಿಗೆಯಿಂದ ಇಳಿಯಲು ಹೋದಳು. ಕೈ ಬರಲಿಲ್ಲ.

“ಅಪ್ಪಾ ಬಿಡು. ಚಪ್ಪಲಿ.”

ಅವನು ಬಿಡಲಿಲ್ಲ. ನನ್ನ ಕಡೆ ತಿರುಗಿದ. ದನಿ ಮೊದಲಿನಷ್ಟೇ ಮೆಲ್ಲಗಿತ್ತು.

“ಬಾಗಿಲು ತೆಗಿಯಮ್ಮ. ಅವಳೇ ಬರ್ತೀನಿ ಅಂತಿದಾಳಲ್ಲ.”

“ಆಂಟಿ ಬಂದ್ಮೇಲೆ,” ಎಂದೆ.

“ನೀನು ಬಾಗಿಲು ತೆಗಿ, ನಾನು ಕೈ ಬಿಡ್ತೀನಿ.”

ಪ್ರಿಯಾ ಇನ್ನೂ ಆಟವೆಂದುಕೊಂಡು ನಗುತ್ತ ಎಳೆದಳು. ಆಮೇಲೆ ಜೋರಾಗಿ ಎಳೆದಳು. ಆಮೇಲೆ ಅವಳಿಗೆ ಇದು ಆಟವಲ್ಲವೆಂದು ತಿಳಿಯಿತು. “ನೋವಾಗ್ತಿದೆ ಅಪ್ಪಾ” ಎಂದು ಅತ್ತಳು. ಅವಳ ಅಳುವಿಗೆ ಮಕ್ಕಳು ಎದ್ದವು, ಕೂಸು ತೊಟ್ಟಿಲಲ್ಲಿ ಕೈಕಾಲು ಬಡಿಯಿತು. ನಾನು ಹೋಗಿ ಅವಳ ಸೊಂಟ ಹಿಡಿದು ಒಳಕ್ಕೆಳೆದೆ. ಅವಳು ಇನ್ನೂ ಜೋರಾಗಿ ಕಿರುಚಿದಳು, ಬಿಟ್ಟುಬಿಟ್ಟೆ. ಯಾರಾದರೂ ಬನ್ನಿ ಎಂದು ಕನ್ನಡದಲ್ಲಿ, ತಮಿಳಿನಲ್ಲಿ, ಖಾಲಾ ಕಲಿಸಿದ್ದ ಉರ್ದುವಿನಲ್ಲಿ ಕೂಗಿದೆ. ಮಧ್ಯಾಹ್ನದ ಗಲ್ಲಿಯಲ್ಲಿ ಒಂದು ಕಿಟಕಿಯೂ ತೆರೆಯಲಿಲ್ಲ. ಬಾಗಿಲ ಹತ್ತಿರ ಓಡಿದೆ. ಬಗ್ಗಿ ಕೆಳಗಿನ ಚಿಲಕ ತೆಗೆದೆ. ಮೇಲಿನದಕ್ಕೆಂದು ಸ್ಟೂಲಿನ ಮೇಲೆ ಒಂದು ಕಾಲಿಟ್ಟೆ. ಆಗ ಪ್ರಿಯಾಳ ಅಳು ಬದಲಾಯಿತು. ಗಂಟಲಿನಿಂದ ಬರುತ್ತಿದ್ದುದು ತೆಳ್ಳಗಾಗಿ, ಇಲಿಯ ಸದ್ದಿನಂತಾಯಿತು. ತಿರುಗಿ ನೋಡಿದೆ. ಅವಳ ಮಣಿಕಟ್ಟು ಕಬ್ಬಿಣದ ಕಂಬಿಗೆ ಒತ್ತಿ ಬಾಗಿತ್ತು. ಅವನು ಅವಳನ್ನು ನೋಡುತ್ತಲೇ ಇರಲಿಲ್ಲ. ಬಾಗಿಲನ್ನು ನೋಡುತ್ತಿದ್ದ.

“ಅಂಕಲ್, ಅವಳ ಕೈ ನೋಡಿ! ಕೈ ನೋಡಿ ಅಂಕಲ್, ಮುರಿಯತ್ತೆ!”

ಅವನು ನೋಡಿದ. ಬೇರೆ ಯಾರೋ ಹಿಡಿದಿರುವ ಕೈಯನ್ನು ನೋಡುವವನಂತೆ ನೋಡಿ, ಬೆರಳುಗಳನ್ನು ಬಿಡಿಸಿಕೊಂಡ. ಪ್ರಿಯಾ ಹಿಮ್ಮುಖವಾಗಿ ಚಾಪೆಯ ಮೇಲೆ ಬಿದ್ದಳು. ನಾನು ಹಾರಿ ಹೋಗಿ ಕಿಟಕಿಯ ಎರಡೂ ಬಾಗಿಲು ದಬ್ಬಿ ಕೊಂಡಿ ಹಾಕಿದೆ. ಬನ್ನಿನ ಪೊಟ್ಟಣ ಆಚೆ ಬಿತ್ತು. ಮಬ್ಬು ಕವಿದ ಹಾಲ್‌ನಲ್ಲಿ ಎಲ್ಲ ಮಕ್ಕಳೂ ಒಟ್ಟಿಗೇ ಅಳುತ್ತಿದ್ದವು. ಕೆಳಗಿನ ಚಿಲಕವನ್ನು ಮತ್ತೆ ಹಾಕಿ ಬಾಗಿಲ ಸಂದಿಯಿಂದ ನೋಡಿದೆ. ಅವನು ಹೋಗಿರಲಿಲ್ಲ. ಮೆಟ್ಟಿಲ ಮೇಲೆ ನಮಗೆ ಬೆನ್ನು ಮಾಡಿ ಕೂತಿದ್ದ.

ಎಷ್ಟು ಹೊತ್ತು ಹೋಯಿತೋ. ಡಬ್ಬಿಯಲ್ಲಿದ್ದ ಮಂಡಕ್ಕಿಯನ್ನೆಲ್ಲ ನೆಲಕ್ಕೆ ಸುರಿದು ಮಕ್ಕಳನ್ನು ಅದರ ಸುತ್ತ ಕೂರಿಸಿದ್ದೆ. ಆಟೋ ಬಂದು ನಿಂತಿತು. ಅಮ್ಮನ ಕಾಲ ಸದ್ದು ಮೆಟ್ಟಿಲ ಬಳಿ ಒಮ್ಮೆ ನಿಂತು, ಮತ್ತೆ ಮೇಲೆ ಬಂತು.

“ಸುಮಿ, ನಾನು ಕಣೇ. ತೆಗಿ.”

ಸಂದಿಯಲ್ಲಿ ಅವಳ ಸೀರೆ ಕಾಣಿಸಿತು, ಹರಿಯ ತಲೆಗೆ ಸುತ್ತಿದ್ದ ಬಿಳಿ ಬಟ್ಟೆ ಕಾಣಿಸಿತು. ಅದರ ಹಿಂದೆ, ಅವನು ಎದ್ದು ನಿಂತದ್ದೂ ಕಾಣಿಸಿತು.

“ಇಲ್ಲ,” ಎಂದೆ.

“ನಾನೇ ಕಣೇ, ಅಮ್ಮ.”

“ಅವರು ನಿನ್ನ ಹಿಂದೇನೇ ಇದಾರೆ.”

ಅಮ್ಮನ ದನಿ ಬಾಗಿಲಿಗೆ ತೀರಾ ಹತ್ತಿರ ಬಂತು.

“ಹಂಗಾದ್ರೆ ತೆಗೀಬ್ಯಾಡ. ಮಕ್ಕಳೆಲ್ಲ ಸರಿಯಾಗಿದಾವಾ?”

“ಇದಾವೆ.”

“ಪ್ರಿಯಾ?”

“ಇದಾಳೆ.”

“ಸರಿ. ನಾನಿಲ್ಲೇ ಕೂತಿರ್ತೀನಿ.”

ಅವಳು ಬಾಗಿಲಿಗೆ ಒರಗಿ ಕೂತದ್ದು ಹಲಗೆ ಅದುರಿದ್ದರಿಂದ ಗೊತ್ತಾಯಿತು. ನಾನೂ ಒಳಗಿನಿಂದ ಅದೇ ಬಾಗಿಲಿಗೆ ಬೆನ್ನು ಕೊಟ್ಟು, ಪ್ರಿಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಹೊರಗೆ ಅವನು ಏನೋ ಹೇಳಿದ್ದು ಕೇಳಿತು, ಏನೆಂದು ತಿಳಿಯಲಿಲ್ಲ. ಹರಿ ಒಮ್ಮೆ ನರಳಿದ. ಅವರಿಬ್ಬರನ್ನೂ ನಾನೇ ಹೊರಗೆ ಬಿಟ್ಟಿದ್ದೆ. ಹಿಂದೆ ತಿರುಗಿ ಸಂದಿಯಲ್ಲಿ ನೋಡುವ ಧೈರ್ಯ ನನಗೆ ಬರಲಿಲ್ಲ.

ಮೊದಲ ಪಾಳಿ ಮುಗಿಸಿ ಅಪ್ಪ ಬಂದದ್ದು ಆಮೇಲೆ. ಗಲ್ಲಿಯ ತಿರುವಿನಲ್ಲಿ ಅವರಿಗೆ ಕಂಡದ್ದು, ನೆಲದ ಮೇಲೆ ಕೂತ ಹೆಂಡತಿ, ಅವಳ ಮಡಿಲಲ್ಲಿ ತಲೆಗೆ ಬಟ್ಟೆ ಸುತ್ತಿದ, ಅಂಗಿಯೆಲ್ಲ ರಕ್ತವಾದ ಮಗ, ಅವರಿಬ್ಬರ ಎದುರು ನಿಂತ ಅಪರಿಚಿತ ಗಂಡಸು. ಊಟದ ಕ್ಯಾರಿಯರ್ ಅಲ್ಲೇ ಬಿಸಾಡಿ ಅಪ್ಪ ಓಡಿಬಂದರಂತೆ. ಅವರ ಕೂಗು ಕೇಳಿ ನಾನು ಸ್ಟೂಲ್ ಹತ್ತಿದೆ. ಬಾಗಿಲು ತೆಗೆಯುವಷ್ಟರಲ್ಲಿ ಅವನು ಕೈಮುಗಿದು, ಕಾಂಪೌಂಡ್ ದಾಟಿ, ಸ್ಕೂಟರ್ ತಳ್ಳಿಕೊಂಡು ಹೋಗುತ್ತಿದ್ದ. ಅಮ್ಮ ಹರಿಯನ್ನು ಅಪ್ಪನ ಕೈಗೆ ಕೊಟ್ಟು ಒಳಗೆ ಬಂದವಳೇ ಒಂದೊಂದು ಮಗುವನ್ನೂ ತಲೆಯಿಂದ ಕಾಲವರೆಗೆ ಮುಟ್ಟಿ ನೋಡಿದಳು. ಪ್ರಿಯಾಳ ಮಣಿಕಟ್ಟಿನಲ್ಲಿ ಬೆರಳುಗಳ ಗುರುತು ಎದ್ದಿತ್ತು. ಅದಕ್ಕೆ ಎಣ್ಣೆ ಸವರಿದಳು. ಕೊನೆಗೆ ನನ್ನ ಹತ್ತಿರ ಬಂದು, ನನ್ನ ಮೂಗಿನ ಕೆಳಗೆ ಬೆರಳಿಟ್ಟಳು.

ಸಂಜೆ ಮಕ್ಕಳನ್ನು ಕರೆದೊಯ್ಯಲು ಬಂದ ಪ್ರತಿಯೊಬ್ಬರಿಗೂ ಅಮ್ಮ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಮಕ್ಕಳನ್ನು ಮಗಳ ಕೈಯಲ್ಲಿ ಬಿಟ್ಟು ಹೋಗಿದ್ದನ್ನೂ ಮುಚ್ಚಿಡಲಿಲ್ಲ. ಅಪ್ಪ ಕಣ್ಸನ್ನೆ ಮಾಡಿದರೂ ನಿಲ್ಲಿಸಲಿಲ್ಲ. ಅವರಲ್ಲಿ ಇಬ್ಬರು ತಮ್ಮ ಮಕ್ಕಳನ್ನು ಎತ್ತಿಕೊಂಡು ಹೋದರು, ಮತ್ತೆ ಕರೆತರಲಿಲ್ಲ. ಕಲಾ ಎಲ್ಲವನ್ನೂ ಕೇಳಿ ಗೋಡೆ ಹಿಡಿದು ನಿಂತಳು. ಪ್ರಿಯಾ ಅವಳ ಸೀರೆ ಎಳೆಯುತ್ತ, “ಅಮ್ಮಾ, ಅಪ್ಪ ಬಂದಿದ್ರು. ಬನ್ ತಂದಿದ್ರು,” ಎಂದಳು. ಕಲಾ ಮಗಳನ್ನು ಎತ್ತಿಕೊಂಡು, ಅಮ್ಮನ ಕೈಯನ್ನು ಒಮ್ಮೆ ಹಿಡಿದು, ಹೋದಳು. ಸೋಮವಾರ ಬರಲಿಲ್ಲ. ಹೊಸೂರಿನಲ್ಲೋ ಎಲ್ಲೋ ಅಕ್ಕನ ಮನೆ ಸೇರಿದಳೆಂದು ಆಸ್ಪತ್ರೆಯವರು ಯಾರೋ ಹೇಳಿದರು. ಆ ಮಗುವನ್ನು ನಾವು ಮತ್ತೆ ನೋಡಲಿಲ್ಲ.

ಇನ್ನು ಇದೆಲ್ಲ ಸಾಕು ಎಂದು ಅಪ್ಪ ಹೇಳುತ್ತಾರೆಂದೇ ನಾನು ಕಾದಿದ್ದೆ. ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಎದ್ದು ಕಬ್ಬಿಣದ ಜಾಲರಿ ತಂದು, ಅಳತೆಗೆ ಕತ್ತರಿಸಿ, ಕಿಟಕಿಗೆ ಹೊಡೆದರು. ಮೇಲಿನ ಚಿಲಕವನ್ನು ಬಿಚ್ಚಿ ನನಗೆ ಎಟುಕುವಷ್ಟು ಕೆಳಗೆ ಹಾಕಿದರು. ಮಕ್ಕಳನ್ನು ನೋಡಿಕೊಳ್ಳುವುದನ್ನು ನಿಲ್ಲಿಸಬೇಕೆಂದದ್ದು ಅಮ್ಮನೇ. ಒಂದು ವಾರ ಯಾರನ್ನೂ ಒಳಗೆ ಸೇರಿಸಲಿಲ್ಲ, ಖಾಲಿ ಹಾಲ್‌ನಲ್ಲಿ ಕೂತು ಹರಿಯ ಬ್ಯಾಂಡೇಜು ನೋಡುತ್ತಿದ್ದಳು. ನೂರ್ ಖಾಲಾ ಬಂದು ಎದುರು ಕೂತು, “ದೋ ಔರತಾಂ ರೈ ತೋ ಡರ್ ಕಾಯ್ಕು? ಇಬ್ರು ಹೆಂಗಸ್ರಿದ್ರೆ ಭಯ ಯಾಕೆ? ನಾನಿದೀನಲ್ಲಮ್ಮ, ಇಬ್ರೂ ಸೇರಿ ನೋಡ್ಕೊಳ್ಳೋಣ,” ಎಂದರು. ಹಾಗೆ ಅದು ಇಬ್ಬರ ಕೆಲಸವಾಯಿತು. ಮಧ್ಯದ ಗೋಡೆ ಒಡೆಸಿ ಬಾಗಿಲು ಇಡಿಸಿದರು. ನಾನು ಕಾಲೇಜು ಮುಗಿಸುವವರೆಗೂ ಆ ಎರಡು ಮನೆಗಳಲ್ಲಿ ಬೇರೆಯವರ ಮಕ್ಕಳು ಮಲಗಿ ಎದ್ದರು. ಅಮ್ಮ ಒಬ್ಬಳೇ ಇರುವ ದಿನ ಒಂದು ಮಗುವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ನನ್ನ ಮಟ್ಟಿಗೆ, ಕಿಟಕಿಗೆ ಬೆನ್ನು ಮಾಡಿ ಕೂರುವುದು ಇವತ್ತಿಗೂ ಆಗದು. ಮೆಲ್ಲಗೆ ಮಾತಾಡುವ ಗಂಡಸರನ್ನು ಕಂಡರೆ ಆಫೀಸಿನಲ್ಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಎಷ್ಟೋ ವರ್ಷಗಳ ಮೇಲೆ, ಮಹದೇವಪುರದ ನಮ್ಮ ಫ್ಲಾಟಿನಲ್ಲಿ, ನನ್ನ ಮಗಳನ್ನು ಯಾವುದಾದರೂ ಕ್ರೆಶ್‌ಗೆ ಬಿಡುವ ಮಾತು ಬಂದಾಗ ಅಮ್ಮನನ್ನು ಕೇಳಿದೆ. ಅವಳು ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು.

“ಅವತ್ತು ಬಾಗಿಲ ಹೊರಗೆ ಅವನು ಏನ್ ಮಾತಾಡ್ದ ನಿನ್ನ ಹತ್ರ?”

ಯಾವತ್ತು, ಯಾರು ಎಂದು ಅವಳು ಕೇಳಲಿಲ್ಲ.

“ಹರಿ ತಲೆ ನೋಡಿ, ಎಷ್ಟು ಹೊಲಿಗೆ ಬಿತ್ತು ಅಕ್ಕಾ ಅಂದ. ನಾನು ಮಾತಾಡ್ಲಿಲ್ಲ. ಬಿಸಿಲು ಹರಿ ಮುಖಕ್ಕೇ ಹೊಡೀತಿತ್ತು. ಅವನು ನಮ್ಮ ಹತ್ರ ಬಂದ. ನಂಗೆ ಜೀವನೇ ಹೋಯ್ತು. ಏನೂ ಮಾಡ್ಲಿಲ್ಲ. ಅವನ ನೆರಳು ಹರಿ ಮೇಲೆ ಬೀಳೋ ಹಂಗೆ ನಿಂತ್ಕೊಂಡ. ನಿಮ್ಮಪ್ಪ ಬರೋವರ್ಗೂ ಬಿಸಿಲಿಗೆ ಬೆನ್ನು ಕೊಟ್ಕೊಂಡು ಹಂಗೇ ನಿಂತಿದ್ದ.”

ನಾನು ಅವಳ ಎದುರು ನೆಲದ ಮೇಲೆ ಕೂತೆ.

“ಒಳ್ಳೆಯೋನೇ ಇದ್ನೇನೋ ಹಾಗಾದ್ರೆ.”

“ಇದ್ದಿರ್ಬಹುದು,” ಎಂದಳು ಅಮ್ಮ. “ಅವನು ಕೂಗಾಡಿದ್ರೆ ನಂಗೆ ಅಷ್ಟು ಭಯ ಆಗ್ತಿರ್ಲಿಲ್ಲ ಕಣೇ.”

“ನಾನು ಬಾಗಿಲು ತೆಗೆದಿದ್ರೆ...”

“ತೆಗೀಬಾರ್ದಿತ್ತು.”

ಅಷ್ಟು ಹೇಳಿ ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದಳು. ಒಳಗೆ ರೂಮಿನಲ್ಲಿ ಆಡುತ್ತಿದ್ದ ನನ್ನ ಮಗಳ ಸದ್ದು ನಿಂತು ಸ್ವಲ್ಪ ಹೊತ್ತಾಗಿತ್ತು. ನಾನು ಗಮನಿಸಿರಲಿಲ್ಲ. ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು, ನೋಡಲು ಹೋದಳು.